ಮಂಕರಿಯ ಕೆಳಗಿನ ಆಮೆ

ನೆಂಟರೆಲ್ಲ ತಂತಮ್ಮ ಊರು ಸೇರಿದ ಮೇಲೆ ಗಾದ್ರಪ್ಪನ ಮನೆಗೆ ಮೊದಲ ಮಾಮೂಲಿ ಬೆಳಗು ಬಂತು. ಹಾಲಿನವನು ಸೈಕಲ್ ಬೆಲ್ಲು ಹೊಡೆದ. ಬೀದಿ ನಲ್ಲಿಯ ಮುಂದೆ ಕೊಡಗಳ ಜಗಳ ಶುರುವಾಯಿತು. ಶೇಂಗಾ ಚೀಲ ಹೇರಿದ ಲಾರಿಗಳು ಎಣ್ಣೆ ಮಿಲ್ಲುಗಳ ಕಡೆಗೆ ಹೊರಟವು. ಚಳ್ಳಕೆರೆಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹಾಜರಾಗಿದ್ದರು, ಗಾದ್ರಪ್ಪನ ಮಗ ಪ್ರದೀಪನೊಬ್ಬನನ್ನು ಬಿಟ್ಟು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಅವನಿಗೆ ಬಳ್ಳಾರಿ ರಸ್ತೆಯಲ್ಲಿ ಲಾರಿ ಗುದ್ದಿತ್ತು. ಅದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ; ಮಾತನಾಡಿಸಲು ಬಂದವರೆಲ್ಲ ಮನೆಯವರಿಗೇ ಅದನ್ನು ವಿವರಿಸಿ ಹೋಗಿದ್ದರು.

ಎಣ್ಣೆ ಮಿಲ್ಲಿನಲ್ಲಿ ತೂಕದ ಕೆಲಸ ಮಾಡಿ ನಿವೃತ್ತನಾಗಿದ್ದ ಗಾದ್ರಪ್ಪ ಅವತ್ತು ಕಣ್ಣು ಬಿಟ್ಟಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಮಗ ಹೋದಾಗಿನಿಂದ ರೆಪ್ಪೆ ಮುಚ್ಚದಿದ್ದ ಮನುಷ್ಯ, ಯಾವ ರಾತ್ರಿ ಮಲಗಬಾರದಿತ್ತೋ ಅದೇ ರಾತ್ರಿ ಗೊರಕೆ ಹೊಡೆದಿದ್ದ. ನಡುಮನೆಯಲ್ಲಿ ಹೆಂಗಸರು ಸೇರಿದ ಸದ್ದು ಕೇಳಿ ಅವನು ಚಾಪೆಯಿಂದ ದಡಬಡಿಸಿ ಎದ್ದ. ಅಲ್ಲಿ ಕವುಚಿದ್ದ ಬಿದಿರು ಮಂಕರಿಯ ಕೆಳಗೆ ಆಮೆ ಇತ್ತು. ಇಟ್ಟವನು ಅವನೇ.

ಆಮೆಯ ಸಂಗತಿ ಹೀಗೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಪ್ರದೀಪ ಅದನ್ನು ಮೊಳಕಾಲ್ಮುರಿನ ನೇಕಾರ ಕಾಮಣ್ಣನಿಂದ ಕೇಳಿ ತಂದಿದ್ದ. ಬೆನ್ನ ಮೇಲೆ ಹಳದಿ ಚಿಕ್ಕೆಗಳ ಆಮೆ. ಪ್ರದರ್ಶನದಲ್ಲಿ ಮಕ್ಕಳು ಅದಕ್ಕೆ ನೀರು ಚಿಮುಕಿಸಿ ಚಿಮುಕಿಸಿ ಶೀತ ಹಿಡಿಸಿದರು. ಮೂಗಿನಲ್ಲಿ ಗುಳ್ಳೆ ಬರತೊಡಗಿತು. ಪ್ರದೀಪ ಅದನ್ನು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಲ್ಬು ತೂಗುಹಾಕಿ, ಅಪ್ಪನಿಗೆ ಹೇಳಿದ್ದ: "ಇದು ತಣ್ಣನೆ ರಕ್ತದ ಪ್ರಾಣಿ ಕಣಪ್ಪ. ನಮ್ಮಂಗೆ ಒಳಗಿಂದ ಕಾವು ಹುಟ್ಟಲ್ಲ, ಹೊರಗಿಂದ ಕೊಡ್ಬೇಕು. ನಾನು ಸ್ಕೂಲಿಗೆ ಹೋದಾಗ ಬಲ್ಬು ಆರದಂಗೆ ನೋಡ್ಕಳಪ್ಪ. ಹುಷಾರಾದ ಕೂಡ್ಲೇ ವಾಪಸ್ ಕೊಟ್ಟು ಬರ್ಬೇಕು."

ಮಗ ಅಪ್ಪನಿಗೆ ಒಪ್ಪಿಸಿದ ಕೊನೆಯ ಕೆಲಸ ಅದು. ಗಾದ್ರಪ್ಪ ಅದನ್ನು ನಿಷ್ಠೆಯಿಂದ ಮಾಡಿದ. ಹೆಣ ಎತ್ತುವ ಹೊತ್ತಿನಲ್ಲೂ ಒಂದು ಸಲ ಒಳಗೆ ಹೋಗಿ ಬಲ್ಬು ನೋಡಿ ಬಂದಿದ್ದ. ಜನ, ಪಾಪ, ಮರೆಯಲ್ಲಿ ಅಳಲು ಹೋಗಿದ್ದಾನೆ ಅಂದುಕೊಂಡರು.

ಹಿಂದಿನ ದಿನ ಸಂಜೆ ಬೀದಿಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದು ಸುಟ್ಟಿತು. ಡಿಸೆಂಬರಿನ ಗಾಳಿ ಊರಾಚೆಯ ಕಾವಲಿನ ಹುಲ್ಲುಬಯಲಿನಿಂದ ನೇರವಾಗಿ ಬೀದಿಗೆ ನುಗ್ಗುತ್ತಿತ್ತು. ಊಟ ನೆರೆಮನೆಗಳಿಂದ ಬರುತ್ತಿದ್ದುದರಿಂದ ಮನೆಯಲ್ಲಿ ಒಲೆಯನ್ನೂ ಹಚ್ಚಿರಲಿಲ್ಲ. ಇಡೀ ಮನೆಯಲ್ಲಿ ಬಿಸಿ ಅನ್ನುವುದು ಇದ್ದದ್ದು ಒಂದೇ ಕಡೆ. ನಡುಮನೆಯಲ್ಲಿ, ಪ್ರದೀಪನನ್ನು ಮಲಗಿಸಿದ್ದ ಜಾಗದಲ್ಲಿ, ರಾಗಿಹಿಟ್ಟು ಹರಡಿ, ಎಣ್ಣೆದೀಪ ಹಚ್ಚಿಟ್ಟು, ದೊಡ್ಡ ಮಂಕರಿ ಕವುಚಿದ್ದರು. ಬೆಳಿಗ್ಗೆ ಮಂಕರಿ ಎತ್ತಿ ಹಿಟ್ಟಿನ ಮೇಲೆ ಮೂಡಿದ ಗುರುತು ನೋಡುತ್ತಾರೆ. ಹಕ್ಕಿಯ ಹೆಜ್ಜೆಯಂತಿದ್ದರೆ ಹೋದವರು ಹಕ್ಕಿಯಾಗಿ ಬರುತ್ತಾರೆ, ಗೊರಸಿನಂತಿದ್ದರೆ ದನವಾಗಿ. ಗಾದ್ರಪ್ಪ ಹೆಂಗಸರು ಹಿತ್ತಲಲ್ಲಿದ್ದ ಹೊತ್ತು ನೋಡಿ ಮಂಕರಿ ಎತ್ತಿದ, ದೀಪದ ಪಕ್ಕ ಆಮೆ ಇಟ್ಟ, ಮತ್ತೆ ಕವುಚಿದ. ಎಲ್ಲರೂ ಏಳುವ ಮುಂಚೆ ತೆಗೆದರಾಯಿತು ಎಂಬುದು ಅವನ ಯೋಜನೆ. ಅದರಲ್ಲಿ ನಿದ್ದೆಗೆ ಜಾಗವಿರಲಿಲ್ಲ.

ಅವನು ಲುಂಗಿ ಬಿಗಿದುಕೊಂಡು ನಡುಮನೆಗೆ ಓಡಿದಾಗ ಅದೇ ಬೀದಿಯಲ್ಲಿದ್ದ ಅವನ ಅಕ್ಕ ಪಾಪಕ್ಕ ಮಂಕರಿ ಎತ್ತಿಯಾಗಿತ್ತು. ಹಿಟ್ಟು ಓದುವುದರಲ್ಲಿ ಪಾಪಕ್ಕನನ್ನು ಮೀರಿಸಿದವರಿಲ್ಲ. ದೊಡ್ಡಉಳ್ಳಾರ್ತಿಯಂಥ ಹಳ್ಳಿಗಳಿಂದಲೂ ಅವಳಿಗೆ ಕರೆ ಬರುತ್ತಿತ್ತು. ಆದರೆ ಅವಳ ಅನುಭವವೆಲ್ಲ ಹೆಜ್ಜೆಗಳದ್ದು. ಆಸಾಮಿಯೇ ಖುದ್ದಾಗಿ ಮೈಗೆಲ್ಲ ಹಿಟ್ಟು ಬಳಿದುಕೊಂಡು ಬಂದು ಕೂತದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಮಂಕರೀನ ಯಾರಾನ ಎತ್ತಿದ್ರಾ?" ಪಾಪಕ್ಕ ಪೊಲೀಸಿನವಳಂತೆ ಕೇಳಿದಳು.

ಯಾರೂ ಎತ್ತಿರಲಿಲ್ಲ. ಸೊಸೆ ಶಾಂತಕುಮಾರಿ ತಲೆ ಅಲ್ಲಾಡಿಸಿದಳು. ಪಕ್ಕದ ಮನೆ ರೇಣುಕಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

"ಅಕ್ಕಾ, ಅದು..." ಎಂದ ಗಾದ್ರಪ್ಪ.

"ನೀ ಸುಮ್ಕಿರೋ ಗಾದ್ರ. ಪೆಟ್ಟಿಗೇಲಿದ್ದದ್ದು ಕವುಚಿದ ಮಂಕರಿ ಒಳಗೆ ಹೆಂಗೆ ಬಂತು? ಯಾರೂ ಎತ್ತಿಲ್ಲ. ಅಂದ್ಮೇಲೆ ಇದು ಬಂದಿದ್ದಲ್ಲ, ಅವ್ನು ಕರಸ್ಕಂಡಿದ್ದು. ನಮ್ಮ ಪ್ರದೀಪ ಇದರಾಗೇ ಸೇರ್ಕಂಡವ್ನೆ!"

ಗಾದ್ರಪ್ಪ ನಿಜ ಹೇಳಲೆಂದು ಬಾಯಿ ತೆರೆದ. ಆಗ ಅವನ ಹೆಂಡತಿ ದುರುಗಕ್ಕ ಎದ್ದಳು. ಮಗನನ್ನು ಎತ್ತಿಕೊಂಡು ಹೋದಾಗಿನಿಂದ ಒಳಕೋಣೆಯ ಗೋಡೆಗೆ ಒರಗಿ ಕೂತವಳು, ಒಂದು ತುತ್ತು ಮುಟ್ಟದವಳು, ನೀರನ್ನೂ ಬಲವಂತಕ್ಕೆ ಕುಡಿದವಳು, ಎದ್ದು ಬಂದು ಆಮೆಯ ಬೆನ್ನ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಆಮೇಲೆ ರೇಣುಕಮ್ಮನ ಕಡೆ ತಿರುಗಿ, "ಮುದ್ದೆ ಐತೇನೇ?" ಎಂದಳು.

ಮುದ್ದೆ ಬಂತು. ಅವಳು ಒಂದು ಚೂರನ್ನು ಆಮೆಯ ಮುಂದಿಟ್ಟು, "ಉಣ್ಣಪ್ಪ" ಎಂದು, ಉಳಿದದ್ದನ್ನು ತಾನು ಉಂಡಳು. ಗಾದ್ರಪ್ಪ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡ. ನಿಜ ಹೇಳಿದರೆ ಆ ಕೈ ತಟ್ಟೆಯಿಂದ ಮೇಲೇಳುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಆಮೆ ಸತ್ತರೂ ಅದೇ ಗತಿ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಸ್‌ಸ್ಟ್ಯಾಂಡು ಮುಟ್ಟಿತ್ತು. ಜನ ಎರಡನೇ ಸಲ ಮಾತನಾಡಿಸಲು ಬಂದರು. ಈ ಸಲ ಆಮೆಯನ್ನು. ಯಾರೋ ಒಗ್ಗರಣೆ ಮಂಡಕ್ಕಿ ತಂದರು, ಅದು ಪ್ರದೀಪನಿಗೆ ಪ್ರಾಣ ಎಂದು. ಇನ್ಯಾರೋ ಮೆಣಸಿನಕಾಯಿ ಬಜ್ಜಿ ತಂದರು. ಆಮೆ ಎರಡನ್ನೂ ಮೂಸದೆ, ಹೂವಿನ ಹಾರ ತಿಂದಿತು. ರೇಣುಕಮ್ಮ ತನ್ನ ಮಗನನ್ನು ಎಳೆದು ತಂದು ಮುಂದೆ ನಿಲ್ಲಿಸಿ, "ಮೇಷ್ಟ್ರೇ, ಇವ್ನು ಓದ್ತಾನೇ ಇಲ್ಲ, ನೀವಾದ್ರೂ ಒಂದು ಮಾತು ಹೇಳ್ರಿ" ಎಂದಳು. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. "ನೋಡ್ದೇನೋ, ನಿನ್ ಮುಖ ನೋಡೋಕೂ ಇಷ್ಟ ಇಲ್ಲ ಅವ್ರಿಗೆ!" ಎಂದು ಮಗನ ತಲೆಗೆ ಮೊಟಕಿದಳು.

ಇಷ್ಟೆಲ್ಲ ನಡೆಯುವಾಗ ಶಾಂತಕುಮಾರಿ ಬಾಗಿಲ ಪಕ್ಕ ನಿಂತಿದ್ದಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಹುಡುಗಿ. ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಬೀದಿ ಅದನ್ನೂ ಓದಿನ ತಪ್ಪೆಂದೇ ಲೆಕ್ಕ ಹಾಕಿತ್ತು. ಜನ ಸ್ವಲ್ಪ ಕರಗಿದಾಗ ಅವಳು ಮೊದಲ ಸಲ ಬಾಯಿಬಿಟ್ಟಳು.

"ಅದನ್ನು ವಾಪಸ್ ಕೊಡಬೇಕು."

"ಏನಂದೆ?" ಎಂದಳು ಪಾಪಕ್ಕ.

"ಮೊಳಕಾಲ್ಮುರಿನ ಕಾಮಣ್ಣ ಅವರದು. ಇವರು ಕೇಳಿ ತಂದಿದ್ದರು. ಕೊಡಬೇಕು."

ರೇಣುಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಕೇಳ್ದೇನೇ ಪಾಪಕ್ಕ? ತಾಳಿ ಕಟ್ಟಿದ ಗಂಡನ್ನ ವಾಪಸ್ ಕೊಡ್ತಾಳಂತೆ! ನಮ್ ಕಾಲ್ದಾಗೆ ಸೀರೆ ವಾಪಸ್ ಕೊಡೋಕೇ ಹೆದರ್ತಿದ್ವಿ."

ದುರುಗಕ್ಕ ಆಮೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಆ ವಿಷಯ ಅಲ್ಲಿಗೇ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು, ಶಾಂತಕುಮಾರಿಯೊಬ್ಬಳನ್ನು ಬಿಟ್ಟು.

ಕರೆಂಟು ಮಾತ್ರ ಬರಲಿಲ್ಲ. ಮರುದಿನ ಬೆಳಿಗ್ಗೆ ಇಡೀ ಬೀದಿ ಕಂಬಳಿ ಹೊದ್ದು ಬಿಸಿಲು ಹುಡುಕುತ್ತಿತ್ತು, ಬಿಸಿಲು ಮೋಡದ ಹಿಂದೆ ಸೇರಿತ್ತು. ಆಮೆ ಕೈಕಾಲು ಒಳಗೆಳೆದುಕೊಂಡು ಕಲ್ಲಿನಂತೆ ಕೂತಿತ್ತು. ದುರುಗಕ್ಕ ಮುದ್ದೆ ಇಟ್ಟಳು, ಅಲುಗಲಿಲ್ಲ. ದಾಸವಾಳ ಇಟ್ಟಳು, ಅಲುಗಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಗೋಡೆಗೆ ಒರಗಿ ಕೂತಳು.

ಗಾದ್ರಪ್ಪ ಬೀದಿಗೆ ಓಡಿ ಕಂಬಳಿ ಕೇಳಿದ. ಕಂಬಳಿಗೆ ಹೆಸರಾದ ಊರು. ಕೇಳಿದ್ದೇ ತಡ, ಮನೆಮನೆಯಿಂದ ಬಂದವು. ಕರಿ ಕಂಬಳಿ, ಅಂಚಿನ ಕಂಬಳಿ, ಮದುವೆಗೆ ತೆಗೆದಿಟ್ಟಿದ್ದ ಕಂಬಳಿ. ಆಮೆಯ ಮೇಲೆ ಒಂದೊಂದಾಗಿ ಹೊದಿಸಿ ಹೊದಿಸಿ ಕೊನೆಗೆ ಆಮೆ ಎಲ್ಲಿದೆ ಎಂಬುದೇ ಮರೆತು ಪಾಪಕ್ಕ ಅದರ ಮೇಲೆ ಕೂರಲು ಹೋದಳು.

"ಮಾವ, ಕಂಬಳಿ ಬಿಸಿ ಕೊಡಲ್ಲ," ಎಂದಳು ಶಾಂತಕುಮಾರಿ. "ಒಳಗೆ ಇರೋ ಬಿಸಿಯನ್ನ ಹೊರಗೆ ಹೋಗದಂಗೆ ತಡೆಯುತ್ತೆ ಅಷ್ಟೆ. ಇದರ ಒಳಗೆ ಬಿಸಿ ಇಲ್ಲ."

ಹತ್ತು ಕಂಬಳಿ ಹೊತ್ತು ತಂದವರಿಗೆ ಈ ಮಾತು ಹಿಡಿಸಲಿಲ್ಲ. ಆದರೂ ಕಂಬಳಿ ತೆಗೆದು ನೋಡಿದರೆ ಆಮೆ ತಣ್ಣಗೇ ಇತ್ತು. ಪಾಪಕ್ಕ ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ತರಿಸಿ ಇದ್ದಿಲು ಹಾಕಿ ಬೆಳ್ಳುಳ್ಳಿ ಸಿಪ್ಪೆ ಉದುರಿಸಿದಳು. ಹೊಗೆಗೆ ಮನುಷ್ಯರೆಲ್ಲ ಕೆಮ್ಮುತ್ತ ಹೊರಗೆ ಬಂದರು, ಮೂಗಿಗೆ ಶೀತವಾದ ಆಮೆ ಮಾತ್ರ ಒಳಗೆ ಉಳಿಯಿತು. ಗಾದ್ರಪ್ಪ ಉಸಿರು ಬಿಗಿಹಿಡಿದು ನುಗ್ಗಿ ಅದನ್ನು ಎತ್ತಿ ತಂದ. ಇನ್ನೇನು ಮಾಡಲೂ ತೋಚದೆ ಸ್ವೆಟರು ಎತ್ತಿ, ಅಂಗಿ ಎತ್ತಿ, ಬನಿಯನ್ನಿನ ಒಳಗೆ ಬರಿ ಹೊಟ್ಟೆಗೆ ಅದನ್ನು ಒತ್ತಿಕೊಂಡು, ಮೇಲೆ ಟವೆಲ್ ಬಿಗಿದ. ತಣ್ಣನೆಯ ಚಿಪ್ಪು ತಗಲಿದ್ದೇ ಅವನ ಬಾಯಿಂದ ಹೊರಟ ಶಬ್ದ ಯಾವ ಭಾಷೆಯದೆಂದು ಹೇಳಲಾಗದು.

ಕೂತರೆ ಆಮೆ ಒತ್ತುತ್ತದೆ. ನಿಂತರೆ ತನಗೇ ಚಳಿ. ನಡೆದರೆ ಮೈ ಕಾಯುತ್ತದೆ. ಆದ್ದರಿಂದ ಗಾದ್ರಪ್ಪ ನಡೆದ. ಬೀದಿ ಮುಗಿದರೆ ಮುಂದಿನ ಬೀದಿ. ಸಂತೆ ಮೈದಾನ, ಮಿಲ್ಲುಗಳ ಸಾಲು, ಮತ್ತೆ ಸಂತೆ ಮೈದಾನ. ಮೊನ್ನೆ ಮೊನ್ನೆ ಮಗನನ್ನು ಕಳಕೊಂಡ ಮನುಷ್ಯ ಹೊಟ್ಟೆ ತಬ್ಬಿಕೊಂಡು ಊರು ಸುತ್ತುವುದನ್ನು ಕಂಡು ಹೋಟೆಲಿನವರು ಟೀ ಲೋಟ ಹಿಡಿದು ಹಿಂದೆ ಬಂದರು. ಅವನು ನಡೆಯುತ್ತಲೇ ಕುಡಿದು ನಡೆಯುತ್ತಲೇ ಲೋಟ ವಾಪಸ್ ಕೊಟ್ಟ. ಅಲ್ಲಿಂದ ಕಾಲುಗಳು ಅವನನ್ನು ಕರೆಂಟ್ ಆಫೀಸಿಗೆ ಒಯ್ದವು.

ಆಫೀಸರು ಕುರ್ಚಿ ತೋರಿಸಿದರು. ಗಾದ್ರಪ್ಪ ಕೂರದೆ ಮೇಜಿನ ಸುತ್ತ ನಡೆಯತೊಡಗಿದ. ಆಫೀಸರ ಕತ್ತೂ ಅವನ ಜೊತೆ ತಿರುಗಿತು.

"ಕೂತ್ಕೊಳ್ರಿ ಯಜಮಾನ್ರೇ. ಟ್ರಾನ್ಸ್‌ಫಾರ್ಮರ್ ಚಿತ್ರದುರ್ಗದಿಂದ ಬರಬೇಕು. ಹೇಳಿದೀವಿ."

"ಕೂರಂಗಿಲ್ಲ ಸಾರ್. ಕೂತ್ರೆ ಸಾಯ್ತೈತೆ."

ಆಗ ಸ್ವೆಟರಿನ ಅಂಚಿನ ಕೆಳಗಿನಿಂದ ಒಂದು ತಲೆ ಹೊರಬಂದು ಆಫೀಸರನ್ನು ನೋಡಿತು. ಆಫೀಸರು ಕುರ್ಚಿಸಮೇತ ಹಿಂದೆ ಸರಿದರು.

"ಏನ್ರೀ ಅದು!"

"ಆಮೆ ಸಾರ್. ಜನ ನನ್ ಮಗ ಅಂತಾರೆ."

"ಆಮೆನೋ ಮಗನೋ, ಒಂದು ಹೇಳ್ರಿ."

"ಎರಡೂ ಅಂತಾರೆ ಸಾರ್," ಎಂದ ಗಾದ್ರಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು. ಅದೇ ಗಳಿಗೆಗೆ ಅವನ ಬನಿಯನ್ನು ಒದ್ದೆಯಾಯಿತು. ಆಮೆ ಉಚ್ಚೆ ಹೊಯ್ದಿತ್ತು. ಗಾದ್ರಪ್ಪನ ಮುಖ ಅರಳಿತು. "ಬದುಕೈತೆ ಸಾರ್! ಬದುಕೈತೆ!" ಎಂದು ಆಫೀಸರ ಎರಡೂ ಕೈ ಹಿಡಿದು ಕುಲುಕಿದ. ಆಫೀಸರು ಕೈಯನ್ನು ಫೈಲಿಗೆ ಒರೆಸಿಕೊಂಡು, ಲೈನ್‌ಮನ್ ಮಾರಣ್ಣನನ್ನು ಕರೆದು, ಈ ಯಜಮಾನರನ್ನು ದಯವಿಟ್ಟು ಮನೆ ಮುಟ್ಟಿಸು, ಇವತ್ತೇ, ಈಗಲೇ, ಎಂದರು.

ಮಾರಣ್ಣ ಪ್ರದೀಪನ ಹತ್ತಿರ ಓದಿ ಎರಡನೇ ಯತ್ನಕ್ಕೆ ಎಸ್ಸೆಸ್ಸೆಲ್ಸಿ ದಾಟಿದವನು. ಮನೆ ಮುಟ್ಟಿದವನೇ ಚಪ್ಪಲಿ ಬಿಟ್ಟು, ದುರುಗಕ್ಕನ ಮುಂದೆ ಇಳಿಸಿದ ಆಮೆಗೆ ಕೈಮುಗಿದ.

"ನಮಸ್ಕಾರ ಸಾರ್. ನಾನು ಮಾರಣ್ಣ ಸಾರ್, ಕೊನೇ ಬೆಂಚು. ಬರೀ ಫ್ಯೂಸ್ ಹೋಗಿದ್ರೆ ನಿನ್ನೇನೇ ಹಾಕ್ತಿದ್ದೆ ಸಾರ್. ಒಳಗಿನ ಸುರುಳಿನೇ ಸುಟ್ಟೋಗೈತೆ."

"ಉತ್ತರ ತಪ್ಪಾಗಿದ್ರೆ ಇನ್ನೊಂದ್ಸಲ ಹೇಳೋ," ಎಂದಳು ರೇಣುಕಮ್ಮ, "ಅವ್ರು ಅಲ್ಲಾಡ್ತಾನೇ ಇಲ್ಲ."

ನಿಜಕ್ಕೂ ಆಮೆ ಅಲ್ಲಾಡುತ್ತಿರಲಿಲ್ಲ. ಗಾದ್ರಪ್ಪನ ಹೊಟ್ಟೆಯಿಂದ ಇಳಿದ ಮೇಲೆ ಮತ್ತೆ ಕಲ್ಲಾಗಿತ್ತು. ಮೂಗಿನ ಗುಳ್ಳೆ ದೊಡ್ಡದಾಗಿತ್ತು.

"ಯಾವಾಗ್ಲೋ ಕರೆಂಟು ಬರೋದು?" ದುರುಗಕ್ಕನೇ ಕೇಳಿದಳು.

"ಸುಳ್ಳು ಹೇಳಲ್ಲ ಅವ್ವಾ. ಈ ವಾರ ಆಗಲ್ಲ." ಮಾರಣ್ಣ ತಲೆ ಕೆರೆದುಕೊಂಡ. "ನಮ್ ಬೀದಿಗೆ ಇಲ್ಲ. ಆ ಕಡೆ ಮೊಳಕಾಲ್ಮುರಿಗೆಲ್ಲ ಐತೆ. ನಿನ್ನೆ ಹೋಗಿದ್ದೆ, ಮಗ್ಗದ ಮನೇಲೆಲ್ಲ ಬಲ್ಬು ಧಗಧಗ ಉರೀತಿದ್ವು."

ಯಾರೂ ಶಾಂತಕುಮಾರಿಯ ಕಡೆ ನೋಡಬಾರದೆಂದು ಪ್ರಯತ್ನಿಸಿದರು. ಎಲ್ಲರೂ ನೋಡಿದರು. ಅವಳು ಒಳಗೆ ಹೋಗಿ ರಟ್ಟಿನ ಪೆಟ್ಟಿಗೆ ತಂದು ಅತ್ತೆಯ ಮುಂದಿಟ್ಟಳು.

"ಕೊಡಬೇಡ್ವೇ ದುರುಗಿ," ಎಂದಳು ಪಾಪಕ್ಕ. "ಮನೆಗೆ ಬಂದೋನ್ನ ಯಾರಾನ ಹೊರಗೆ ಹಾಕ್ತಾರಾ?"

ದುರುಗಕ್ಕ ಬಹಳ ಹೊತ್ತು ಆಮೆಯ ಬೆನ್ನು ಸವರಿದಳು. "ಇಲ್ಲಿ ಚಳಿ ಐತೆ ಪಾಪಕ್ಕ," ಎಂದಳು ಕೊನೆಗೆ. "ಬೆಚ್ಚಗಿರೋ ಕಡೆ ಇರ್ಲಿ."

ಅವಳೇ ಅದನ್ನು ಪೆಟ್ಟಿಗೆಯಲ್ಲಿಟ್ಟು, ಬಿಸಿನೀರು ತುಂಬಿದ ಬಾಟಲಿಗೆ ಹಳೆ ಸೀರೆ ಸುತ್ತಿ ಪಕ್ಕದಲ್ಲಿಟ್ಟಳು. ಗಾದ್ರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಹೊಸ್ತಿಲಲ್ಲಿ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ದುರುಗಿ, ಆ ಮಂಕರಿ ಕೆಳಗೆ ಅದನ್ನ..." ಎಂದ.

"ಬಸ್ಸು ತಪ್ಪುತೈತೆ, ನಡೀರಿ," ಎಂದಳು ದುರುಗಕ್ಕ. "ಅವತ್ತು ಬೆಳಿಗ್ಗೆ ನಿಮ್ ಸ್ವೆಟರಿನ ತೋಳೆಲ್ಲ ರಾಗಿಹಿಟ್ಟಾಗಿತ್ತು. ಒದರಿ ಹಾಕ್ದೋಳು ನಾನೇ."

ಗಾದ್ರಪ್ಪ ಮತ್ತೊಮ್ಮೆ ತೆರೆದ ಬಾಯಿಯನ್ನು ಮುಚ್ಚಿಕೊಂಡು ಬಸ್ಸಿನ ಕಡೆ ನಡೆದ.

ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಯಲ್ಲೇನೆಂದು ಕೇಳಿದ. ಗಾದ್ರಪ್ಪ ಯಾವ ಉತ್ತರ ಕೊಡಬೇಕೆಂದು ಯೋಚಿಸುತ್ತಿರುವಾಗ ಶಾಂತಕುಮಾರಿ, "ಕೇಳಿ ತಂದ ಸಾಮಾನು" ಎಂದಳು. ತಳಕು ದಾಟುವವರೆಗೆ ಗಾದ್ರಪ್ಪ ಪೆಟ್ಟಿಗೆಯ ಮುಚ್ಚಳ ಎತ್ತಿ ಎತ್ತಿ ನೋಡಿದ. ಎತ್ತಿದಷ್ಟು ಸಲವೂ ಗಾಳಿ ಒಳಗೆ ಹೋಗುತ್ತದೆಂದು ಸೊಸೆ ಹೇಳಿದ ಮೇಲೆ ಮುಚ್ಚಳದ ಮೇಲೆ ಕಿವಿ ಇಟ್ಟು ಕೂತ. ಹಾನಗಲ್ ಕ್ರಾಸಿನಲ್ಲಿ ಬಸ್ಸು ಹಳ್ಳ ಹಾರಿದಾಗ ಒಳಗೆ ಪರಪರ ಕೆರೆದ ಸದ್ದು ಬಂತು. ಅವನು ಪಕ್ಕದ ಸೀಟಿನ ಅಪರಿಚಿತನಿಗೆ, "ಬದುಕೈತೆ" ಎಂದು ಹೇಳಿದ. ಅಪರಿಚಿತ ಸೀಟು ಬದಲಾಯಿಸಿದ.

ಕಾಮಣ್ಣನ ಮನೆಯಲ್ಲಿ ಮಗ್ಗ ಟಕಟಕ ಆಡುತ್ತಿತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಕಾಮಣ್ಣನ ತಲೆಯ ಮೇಲೆ ದೊಡ್ಡ ಬಲ್ಬು ಉರಿಯುತ್ತಿತ್ತು. ಪೆಟ್ಟಿಗೆ ಕಂಡದ್ದೇ ಮಗ್ಗ ನಿಲ್ಲಿಸಿ ನಕ್ಕ.

"ಏಮಮ್ಮಾ, ಮೇಷ್ಟ್ರು ರಾಲೇದಾ? ಅವ್ರು ಬರಲಿಲ್ವಾ? ಹುಷಾರಾದ ಕೂಡ್ಲೇ ತರ್ತೀನಿ ಅಂದಿದ್ರು. ಇಷ್ಟು ದಿನ ಮಾಡಿದ್ರಲ್ಲ ಅಂತ ಬೈಕೊಳ್ತಿದ್ದೆ."

ಗಾದ್ರಪ್ಪ ಬಲ್ಬು ನೋಡಿದ, ಮಗ್ಗ ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ.

"ಅವರು ತೀರಿಕೊಂಡ್ರು," ಎಂದಳು ಶಾಂತಕುಮಾರಿ. ಅವಳು ಆ ಮಾತು ಆಡಿದ್ದನ್ನು ಗಾದ್ರಪ್ಪ ಕೇಳಿದ್ದು ಅದೇ ಮೊದಲು. "ನಿಮ್ಮ ಹತ್ರ ಇಸ್ಕೊಂಡಿದ್ದು. ತಗೊಳ್ಳಿ."

ಕಾಮಣ್ಣ ಗುಂಡಿಯಿಂದ ಮೇಲೆ ಬಂದ. ಕೈಯಲ್ಲಿದ್ದ ನೂಲಿನ ಲಾಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಸಲ ಇಟ್ಟು ಎತ್ತಿದ. ಆಮೇಲೆ ಪೆಟ್ಟಿಗೆ ಇಸಿದುಕೊಂಡು, ಆಮೆಯನ್ನು ಎತ್ತಿ ಬಲ್ಬಿನ ಕೆಳಗೆ ಹಿಡಿದ. "ಬಾ ತಾಯಿ," ಎಂದ ಮೆತ್ತಗೆ. "ಹೋದ ವರ್ಷ ಈ ಗುಂಡಿ ಅಂಚಲ್ಲೇ ಮೊಟ್ಟೆ ಇಟ್ಟಿದ್ಲು."

"ತಾಯಿ?" ಎಂದ ಗಾದ್ರಪ್ಪ. "ಇದು... ಹೆಣ್ಣಾ?"

"ಮತ್ತೇನು ಅಂದ್ಕಂಡಿದ್ರಿ?"

ಗಾದ್ರಪ್ಪನಿಗೆ ಪಾಪಕ್ಕ, ರೇಣುಕಮ್ಮ, ಕೊನೇ ಬೆಂಚಿನ ಮಾರಣ್ಣ ಎಲ್ಲರೂ ಕಣ್ಣ ಮುಂದೆ ಸಾಲಾಗಿ ನಿಂತರು. ಈ ಒಂದು ಸಂಗತಿಯನ್ನು ಚಳ್ಳಕೆರೆಗೆ ಒಯ್ಯುವುದಿಲ್ಲವೆಂದು ಅವನು ಅಲ್ಲೇ ತೀರ್ಮಾನಿಸಿದ.

ಕಾಮಣ್ಣ ಆಮೆಯನ್ನು ನೆಲಕ್ಕೆ ಬಿಟ್ಟ. ಅದು ಸ್ವಲ್ಪ ಹೊತ್ತು ಕೂತಿತ್ತು. ಬಲ್ಬಿನ ಬೆಳಕು ಬೆನ್ನಿಗೆ ಬಿದ್ದ ಮೇಲೆ ಒಂದು ಕಾಲು ಚಾಚಿತು, ಆಮೇಲೆ ಇನ್ನೊಂದು. ರೇಷ್ಮೆ ಎಳೆಗಳ ಕೆಳಗಿನಿಂದ ಹಾದು ಮಗ್ಗದ ಆಚೆಯ ಮೂಲೆಯ ಕಡೆಗೆ ಹೊರಟಿತು.

"ಹೋಗಣೇನವ್ವ?" ಎಂದ ಗಾದ್ರಪ್ಪ.

ಶಾಂತಕುಮಾರಿ ಕದಲಲಿಲ್ಲ. "ಇರಿ ಮಾವ. ಒಂದ್ಸಲ ತಿರುಗಿ ನೋಡ್ಲಿ."

ಇಬ್ಬರೂ ನಿಂತರು. ಭೌತಶಾಸ್ತ್ರದ ಎಂ.ಎಸ್ಸಿ.ಯೂ ತೂಕದ ಗುಮಾಸ್ತನೂ ಒಂದು ಹೆಣ್ಣು ಆಮೆ ತಿರುಗಿ ನೋಡುವುದನ್ನು ಕಾದು ನಿಂತರು. ಆಮೆ ಮೂಲೆ ಮುಟ್ಟಿತು. ನೂಲಿನ ಬುಟ್ಟಿಯ ಹಿಂದೆ ಮರೆಯಾಯಿತು. ತಿರುಗಿ ನೋಡಲಿಲ್ಲ.

"ಅವ್ನೂ ಅಂಗೇ ಕಣವ್ವ," ಎಂದ ಗಾದ್ರಪ್ಪ. "ಹೊಸ್ತಿಲು ದಾಟಿದ್ಮೇಲೆ ಒಂದಿನಾನೂ ತಿರುಗಿ ನೋಡ್ದೋನಲ್ಲ."

"ಹೂಂ," ಎಂದಳು ಶಾಂತಕುಮಾರಿ. "ಟಿಫನ್ ಡಬ್ಬಿ ಮರೆತು ಹೋದಾಗ ನಾನು ಬೀದಿ ಕೊನೆವರೆಗೂ ಕೂಗ್ಕೊಂಡು ಓಡ್ತಿದ್ದೆ. ಆಗ್ಲೂ ನೋಡ್ತಿರಲಿಲ್ಲ."